ಸೇನೆಯ ಧರ್ಮಗುರುಗಳ ಕೆಲಸ ಬರೀ ಪೂಜೆಯಲ್ಲ

"ಸೇನೆಯಲ್ಲಿ ಸುಮ್ನೆ ಪೂಜೆ ಮಾಡಲು ಜನರನ್ನು ಇಟ್ಟು ಸಂಬಳ ಕೊಡುತ್ತಾರೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಓದಿ ನನಗೆ ಬೇಸರವಾಯಿತು.

ಭಾರತೀಯ ಸೇನೆಯಲ್ಲಿ ಇವರನ್ನು ಧರ್ಮಗುರು ಎನ್ನುತ್ತಾರೆ. ಪಂಡಿತರು, ಗ್ರಂಥಿಗಳು (ಸಿಖ್ಖರ ಧರ್ಮಗುರುಗಳು), ಮೌಲ್ವಿಗಳು, ಪಾದ್ರಿಗಳು, ಬೌದ್ಧ ಭಿಕ್ಷುಗಳು ಎಲ್ಲರೂ ಇದ್ದಾರೆ. ಇವರದು ನಾಯಬ್ ಸುಬೇದಾರ್ ದರ್ಜೆ, ಅಂದರೆ ಸೇನೆಯಲ್ಲಿ ಕಿರಿಯ ಅಧಿಕಾರಿಯ ದರ್ಜೆ. ಪದವಿ ಓದಿರಬೇಕು.

ಪೂಜೆ, ಪ್ರಾರ್ಥನೆ ಇದ್ದೇ ಇದೆ. ಆದರೆ ಸೇನೆಯ ನೇಮಕಾತಿ ಪ್ರಕಟಣೆಯಲ್ಲೇ ಉಳಿದ ಕೆಲಸಗಳೂ ಇವೆ. ಆಸ್ಪತ್ರೆಯಲ್ಲಿ ಮಲಗಿರುವ ಸೈನಿಕರನ್ನು ನೋಡಿಕೊಳ್ಳಬೇಕು. ಚೇತರಿಸಿಕೊಳ್ಳುತ್ತಿರುವವರ ಜೊತೆ ಕೂತು ಪ್ರಾರ್ಥಿಸಬೇಕು. ಶಿಕ್ಷೆ ಅನುಭವಿಸುತ್ತಿರುವ ಸೈನಿಕನನ್ನೂ ಹೋಗಿ ಮಾತಾಡಿಸಬೇಕು. ಅಂತ್ಯಸಂಸ್ಕಾರಕ್ಕೆ ಹೋಗಬೇಕು, ಕುಟುಂಬಗಳ ಯೋಗಕ್ಷೇಮ ನೋಡಬೇಕು. ಜೊತೆಗಾರನನ್ನು ಕಳೆದುಕೊಂಡವನಿಗೆ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕು, ಅಲ್ವಾ?

ಯುದ್ಧದಲ್ಲಿ ಈ ಕೆಲಸದ ಬೆಲೆ ಜಗತ್ತಿಗೇ ಗೊತ್ತಿದೆ. ಯುದ್ಧದ ನಿಯಮಗಳನ್ನು ಹೇಳುವ 1949ರ ಜಿನೀವಾ ಒಪ್ಪಂದ ವೈದ್ಯರಿಗೆ ಕೊಟ್ಟ ರಕ್ಷಣೆಯನ್ನೇ ಸೇನೆಯ ಧರ್ಮಗುರುಗಳಿಗೂ ಕೊಟ್ಟಿದೆ. ಶತ್ರುವಿನ ಕೈಗೆ ಸಿಕ್ಕರೂ ಇವರು ಯುದ್ಧಕೈದಿಗಳಲ್ಲ. ಅಲ್ಲೂ ಸೆರೆಸಿಕ್ಕ ಸೈನಿಕರ ಜೊತೆ ಇದ್ದು ತಮ್ಮ ಕೆಲಸ ಮುಂದುವರಿಸಬಹುದು.

ಆ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.