ಉಪ್ಪುಕಾಗದ ತಿಕ್ಕಿದವನು

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಪಾಲಿಶ್ ಕಾಣಬೇಕಾದವು ಮೂರಿದ್ದವು: ಅಜ್ಜನ ಕಾಲದ ಸಾಗುವಾನಿ ಬಾಗಿಲು, ಅಮ್ಮನ ಮಾವಿನ ಮಣೆ, ನಾನು ಕೊಂಡ ಪ್ಲೈವುಡ್ ಟೀವಿ ಸ್ಟ್ಯಾಂಡು. ಆಚಾರ್ರು ಮೂರು ದಿನದ ಕೂಲಿ ಹೇಳಿದರು. ಉಜ್ಜಿ ಬಳಿಯೋದಕ್ಕೆ ಮೂರು ದಿನವೇ? ಅವರಿಗೆ ಕಾಫಿ ಕೊಟ್ಟು ಕಳಿಸಿ, ನಾನೇ ಪೇಟೆಯಿಂದ 80, 120, 220ನೇ ನಂಬರಿನ ಉಪ್ಪುಕಾಗದ (ನಂಬರು ಚಿಕ್ಕದಾದಷ್ಟೂ ಒರಟು), ಮರದ ರಂಧ್ರ ಮುಚ್ಚುವ ಸೀಲರ್, ಅದನ್ನು ತೆಳು ಮಾಡುವ ಥಿನ್ನರ್ ತಂದೆ.

ಟೀವಿ ಸ್ಟ್ಯಾಂಡಿಗೆ 80ರಲ್ಲಿ ನಾಲ್ಕು ಸಲ ತಿಕ್ಕಿದ್ದೇ ತಡ, ಸಾಗುವಾನಿ ಹೋಗಿ ಒಳಗಿಂದ ಯಾವುದೋ ಬೇರೆ ಜಾತಿಯ ಮರ ಇಣುಕಿತು. ಪ್ಲೈವುಡ್ ಮೇಲಿನ ಸಾಗುವಾನಿ ಹಾಲಿನ ಕೆನೆಗಿಂತ ತೆಳು ಅಂತ ಯಾರಿಗೆ ಗೊತ್ತು! ಈಗ ಆ ಜಾಗದಲ್ಲಿ ಗಣಪತಿ ಕೂತಿದ್ದಾನೆ. ಧೂಳಿಗೆ ಕೆಮ್ಮುತ್ತ ಕೂತಾಗ ಹೆಂಡತಿ ಚೊಂಬು ತಂದಿಟ್ಟಳು. "ಉಪ್ಪುಕಾಗದ ತಿಕ್ಕಿದವರು ನೀರು ಕುಡಿಯಲೇಬೇಕಲ್ಲ."

ಮಾವಿನ ಮಣೆಯಂತೂ ಸೀಲರನ್ನು ಕುಡಿಯಿತು. ಅದೂ ಪಂಕ್ತಿಭೇದ ಮಾಡಿ: ಗರಗಸ ಬಿದ್ದ ತುದಿಯಲ್ಲಿ ಗಟಗಟ, ನಡುವೆ ಗುಟುಕು. ಒಣಗಿದ ಮೇಲೆ ಕೈಯಾಡಿಸಿದರೆ ಮೂರು ದಿನದ ಗಡ್ಡ! ಮೊದಲ ಸಲ ಬಳಿದಾಗ ಮರದ ಎಳೆ ಎದ್ದು ನಿಲ್ಲುತ್ತದೆ, 320ರಲ್ಲಿ ಮೆಲ್ಲಗೆ ಸವರಿ ಮತ್ತೆ ಬಳಿಯಬೇಕು ಎನ್ನುವುದು, ಅಮ್ಮ ಕೂತೆದ್ದು ಸೀರೆಯ ನೂಲು ಮಣೆಯಲ್ಲೇ ಉಳಿದ ಮೇಲೆ ತಿಳಿಯಿತು.

ಬಾಗಿಲಿಗೆ ಕೈಹಾಕಿದ್ದು ಜುಲೈಯಲ್ಲಿ. ಹೊರಗೆ ಜಡಿಮಳೆ, ಹಾಗಾಗಿ ಒಳಮೈಯಿಂದ ಶುರು. ಒದ್ದೆ ಬಟ್ಟೆಯಲ್ಲಿ ಒರೆಸಿ ಸೀಲರ್ ಎಳೆದೆ. ಕಾಲು ಗಂಟೆಯಲ್ಲಿ ಅಜ್ಜನ ಬಾಗಿಲು ಮೈತುಂಬ ವಿಭೂತಿ ಬಳಿದುಕೊಂಡು ನಿಂತಿತ್ತು.

"ರೀ, ಸುಣ್ಣ ಹೊಡೆದ್ರಾ?"

ಆಚಾರ್ರನ್ನು ಕರೆಸಲೇಬೇಕಾಯಿತು. ಅವರು ನಗಲಿಲ್ಲ, ಅದೇ ಕಷ್ಟ. ಉಗುರಲ್ಲಿ ಕೆರೆದು ನೋಡಿ ಹೇಳಿದರು: "ಥಿನ್ನರ್ ಆರುವಾಗ ಮರದ ಮೈ ತಣ್ಣಗಾಗ್ತದೆ, ಗಾಳಿಯ ತೇವ ಅಲ್ಲೇ ಕೂರ್ತದೆ. ಮಳೆಗಾಲದಲ್ಲಿ ಯಾರಾದ್ರೂ ಸೀಲರ್ ಹೊಡೀತಾರಾ ಮಾರಾಯ್ರೇ? ಸಾಗುವಾನಿಲಿ ಎಣ್ಣೆ ಇರ್ತದೆ, ಒರೆಸೋದು ನೀರಲ್ಲಲ್ಲ, ಥಿನ್ನರಲ್ಲಿ." ಆಮೇಲೆ ಟಾರ್ಚ್ ಓರೆ ಹಿಡಿದು ನನ್ನ ಅಡ್ಡ ಗೀರುಗಳನ್ನೆಲ್ಲ ತೋರಿಸಿದರು. "ಎಳೆ ಹೋದ ಕಡೆ ಕೈ ಹೋಗ್ಬೇಕು."

"ಎಷ್ಟು ದಿನದ ಕೆಲಸ ಆಚಾರ್ರೇ?"

"ಐದು. ಎರಡು ದಿನ ನೀವು ಮಾಡಿದ್ದು ತೆಗೆಯೋಕೆ. ಅದೂ ಮಳೆ ನಿಂತ ಮೇಲೆ."

ಅಲ್ಲಿವರೆಗೆ ಎರಚಲು ಒಳಗೆ ಬಂದರೂ ಸರಿ, ನೆಂಟರು ಬಂದಾಗ ಬಾಗಿಲನ್ನು ಪೂರ್ತಿ ತೆರೆದಿಡುತ್ತೇವೆ. ಬಿಳಿ ಮೈ ಗೋಡೆಯ ಕಡೆಗಿರುತ್ತದೆ.