ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಯುತ್ತಾರೆಯೇ ಎಂದು ಮೊದಲೇ ಕೇಳಿ

ಆರು ವರ್ಷಗಳ ಹಿಂದೆ, 42ನೆಯ ವಯಸ್ಸಿನಲ್ಲಿ, ನನ್ನ ಅಕ್ಕನಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಗಳಿಂದಾಗಿ ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತಸ್ರಾವವಾಗುತ್ತಿತ್ತು, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹಾಗಾಗಿ ಆಪರೇಷನ್ ಬೇಡವಾಗಿತ್ತು ಎಂದು ನಾನು ಇಂದಿಗೂ ಹೇಳುವುದಿಲ್ಲ. ಆದರೆ ಗಾಯ ಮಾಯ್ದು, ಮುಖದಲ್ಲಿ ಕಳೆ ಮರಳುವ ಹೊತ್ತಿಗೆ ಬೇರೆಯದೇ ತೊಂದರೆ ಶುರುವಾಯಿತು. ನಡುರಾತ್ರಿ ಎದ್ದು ಕೂರುತ್ತಿದ್ದಳು. ಎದೆಯಿಂದ ಎದ್ದ ಬಿಸಿ ಕುತ್ತಿಗೆಗೆ, ಮುಖಕ್ಕೆ ಏರಿ, ನೋಡನೋಡುತ್ತಿದ್ದಂತೆ ಬೆನ್ನೆಲ್ಲ ತೊಯ್ದುಹೋಗುತ್ತಿತ್ತು; ನೈಟಿ ಬದಲಾಯಿಸಿ, ದಿಂಬನ್ನು ಮಗುಚಿ ಹಾಕಿಕೊಂಡು ಮಲಗುವಷ್ಟರಲ್ಲಿ ಚಳಿ ಹಿಡಿಯುತ್ತಿತ್ತು. "ನನಗೇನಾಗಿದೆ ಅಂತಲೇ ತಿಳಿಯುತ್ತಿಲ್ಲ ಕಣೇ" ಎಂದಳು. ಅಂದು ಇಬ್ಬರೂ ಕುಳಿತು ಡಿಸ್ಚಾರ್ಜ್ ಸಮ್ಮರಿಯನ್ನು ಸಾಲು ಸಾಲಾಗಿ ಓದಿದೆವು. ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆಯಲಾಗಿದೆ ಎಂದು ಎರಡನೆಯ ಪುಟದಲ್ಲಿತ್ತು. ಅಕ್ಕನಿಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಸಹಿ ಹಾಕಿದ ಕಾಗದದಲ್ಲಿ ಇದ್ದಿರಬಹುದು, ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ.

'ಗರ್ಭಕೋಶ ತೆಗೆಸಿದರು' ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಿಸ್ಟರೆಕ್ಟಮಿಯಲ್ಲಿ ಹಲವು ಬಗೆಗಳಿವೆ. ಗರ್ಭಕಂಠವನ್ನು ಉಳಿಸಿ ಮೇಲಿನ ಭಾಗವನ್ನಷ್ಟೇ ತೆಗೆಯುವುದುಂಟು. ಕಂಠವನ್ನೂ ಸೇರಿಸಿ ತೆಗೆಯುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಗರ್ಭಕಂಠದ ಕ್ಯಾನ್ಸರ್ ಇದ್ದಾಗ ಸುತ್ತಲಿನ ಅಂಗಾಂಶ ಮತ್ತು ಯೋನಿಯ ಮೇಲ್ಭಾಗವನ್ನೂ ತೆಗೆಯಬೇಕಾಗಬಹುದು. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಅಂಡಾಶಯ ತಾನಾಗಿಯೇ ಅದರೊಳಗೆ ಸೇರುವುದಿಲ್ಲ. ಅದನ್ನು ತೆಗೆಯುವುದು ಬೇರೆಯೇ ಶಸ್ತ್ರಚಿಕಿತ್ಸೆ, ಅದಕ್ಕೆ ಬೇರೆಯೇ ಕಾರಣ ಇರಬೇಕು, ಅದಕ್ಕೆ ಹೆಣ್ಣಿನ ಒಪ್ಪಿಗೆಯನ್ನೂ ಬೇರೆಯಾಗಿಯೇ ಕೇಳಬೇಕು. ನಾನು ಈ ಬರಹಕ್ಕೆ ಕುಳಿತದ್ದೇ ಇದನ್ನು ಹೇಳುವುದಕ್ಕಾಗಿ.

ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ, ಬಸಿರಾಗುವುದು ಸಾಧ್ಯವಿಲ್ಲ. ಹೊಟ್ಟೆಯೊಳಗೆ ಖಾಲಿ ಜಾಗ ಉಳಿದುಬಿಡುತ್ತದೆ ಎಂದು ಹೆದರುವವರಿದ್ದಾರೆ. ಅಂಗೈ ಮುಚ್ಚಿದರೆ ಆಗುವ ಮುಷ್ಟಿಯಷ್ಟು ದೊಡ್ಡದಾದ ಆ ಜಾಗವನ್ನು ಕರುಳು ಸರಿದು ತುಂಬಿಕೊಳ್ಳುತ್ತದೆ. ಅಂಡಾಶಯ ಉಳಿದಿದ್ದರೆ ಅದರ ಹಾರ್ಮೋನಾದ ಈಸ್ಟ್ರೋಜನ್ ಎಂದಿನಂತೆ ಸ್ರವಿಸುತ್ತದೆ, ಅಂಡವೂ ಬಿಡುಗಡೆಯಾಗಿ ದೇಹದೊಳಗೇ ಕರಗುತ್ತದೆ. ಆದರೆ ಅಂಡಾಶಯಕ್ಕೆ ಹೋಗುವ ರಕ್ತದ ಒಂದು ಪಾಲು ಗರ್ಭಕೋಶದ ರಕ್ತನಾಳದ ಕವಲಿನಿಂದಲೂ ಬರುವುದರಿಂದ, ಅಂಡಾಶಯ ಉಳಿಸಿಕೊಂಡವರಲ್ಲಿಯೂ ಕೆಲವರಿಗೆ ಋತುಬಂಧ ತುಸು ಬೇಗ ಬರಬಹುದು. ಮುಟ್ಟು ಮೊದಲೇ ನಿಂತಿರುವುದರಿಂದ ಅದು ಬಂದದ್ದು ತಿಳಿಯುವುದು ಬಿಸಿಯೇರುವಿಕೆ, ನಿದ್ರೆಗೇಡು, ಯೋನಿಯ ಒಣಗುವಿಕೆ ಇಂಥವುಗಳಿಂದ.

ಎರಡೂ ಅಂಡಾಶಯಗಳನ್ನು ತೆಗೆದಾಗ ಆಗುವುದೇ ಬೇರೆ. ಸಹಜವಾಗಿ 50ರ ಆಸುಪಾಸಿನಲ್ಲಿ, ಹಲವು ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಇಳಿಯಬೇಕಾದ ಹಾರ್ಮೋನು ಕೆಲವೇ ದಿನಗಳಲ್ಲಿ ಕುಸಿಯುತ್ತದೆ, ದೇಹಕ್ಕೆ ಹೊಂದಿಕೊಳ್ಳಲು ವ್ಯವಧಾನವೇ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಬೆವರಿಗಿಂತ, ಕಾಣದೆ ಸವೆಯುವ ಮೂಳೆಯ ಬಗ್ಗೆ ನನಗೆ ಹೆಚ್ಚು ಚಿಂತೆ. ಹೃದಯಕ್ಕೂ ಇದು ಹೊರೆಯೇ. ಅಮೆರಿಕದ ದಾದಿಯರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್‌ನಂಥ ಕಾರಣವಿಲ್ಲದೆ ಗರ್ಭಕೋಶ ತೆಗೆಸಿಕೊಂಡ ಸುಮಾರು 29,000 ಮಹಿಳೆಯರನ್ನು 24 ವರ್ಷ ಅನುಸರಿಸಿದಾಗ, ಅಂಡಾಶಯವನ್ನೂ ಕಳೆದುಕೊಂಡವರಲ್ಲಿ ಅಂಡಾಶಯ ಮತ್ತು ಸ್ತನದ ಕ್ಯಾನ್ಸರ್ ಕಡಿಮೆ ಇತ್ತು, ಆದರೆ ಹೃದಯರೋಗ ಮತ್ತು ಒಟ್ಟಾರೆ ಸಾವಿನ ಪ್ರಮಾಣ ಹೆಚ್ಚಿತ್ತು. 'ಮುಂದೆ ಕ್ಯಾನ್ಸರ್ ಬಂದರೆ' ಎಂಬ ಒಂದೇ ಮಾತಿಗೆ ಹೆದರಿ ತಲೆಯಾಡಿಸುವವರು ಈ ಇನ್ನೊಂದು ಮಗ್ಗುಲನ್ನೂ ಅರಿತಿರಬೇಕು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷವಿರುವವರ ಮಾತು ಬೇರೆ. ಅವರಿಗೆ ಅಂಡಾಶಯ ತೆಗೆಯುವುದು ಜೀವ ಉಳಿಸುವ ನಿರ್ಧಾರವಾಗಬಲ್ಲದು. ಉಳಿದವರಿಗೆ, ಅಂಡಾಶಯವನ್ನು ಬಿಟ್ಟು ಅಂಡನಾಳಗಳನ್ನು ಮಾತ್ರ ತೆಗೆಯುವ ದಾರಿ ಇದೆ, ಏಕೆಂದರೆ ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ಹಲವು ಪ್ರಕರಣಗಳು ಆ ನಾಳದ ತುದಿಯಲ್ಲೇ ಹುಟ್ಟುತ್ತವೆ.

ಅದಕ್ಕೂ ಮೊದಲು, ಆಪರೇಷನ್ನೇ ಬೇಕೇ ಎಂಬ ಪ್ರಶ್ನೆ ಇದೆ. ಅತಿಯಾದ ಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯಿದೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನು ಸೂಸುವ ವಂಕಿ ಇದೆ, ಗಡ್ಡೆಯನ್ನಷ್ಟೇ ತೆಗೆಯಬಹುದು, ಅದರ ರಕ್ತನಾಳವನ್ನು ಮುಚ್ಚಬಹುದು. ಋತುಬಂಧದ ನಂತರ ಗಡ್ಡೆಗಳು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. 'ಮಕ್ಕಳಾದವಲ್ಲ, ಇನ್ನು ಅದು ಯಾಕೆ' ಎಂಬ ಮಾತು ವೈದ್ಯಕೀಯ ಕಾರಣವಲ್ಲ, ಅದನ್ನು ಯಾರು ಹೇಳಿದರೂ ಅಷ್ಟೇ.

ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ, ಹೊಟ್ಟೆ ಕೊಯ್ದು ಮಾಡಿದ್ದಕ್ಕೆ ಆರರಿಂದ ಎಂಟು ವಾರಗಳ ವಿಶ್ರಾಂತಿ ಬೇಕು. ಯೋನಿಯ ಮೂಲಕ ಅಥವಾ ಲ್ಯಾಪರೊಸ್ಕೋಪಿಯಲ್ಲಿ ಚೇತರಿಕೆ ಬೇಗ. ಆದರೆ ಹೊರಗೆ ಮೂರ್ನಾಲ್ಕು ಸಣ್ಣ ಗುರುತುಗಳಷ್ಟೇ ಕಾಣುವುದರಿಂದ ಮನೆಯವರು ಹೆಂಗಸನ್ನು ಎಂಟನೆಯ ದಿನಕ್ಕೇ ಕೊಡ ಎತ್ತಲು ಬಿಡುತ್ತಾರೆ. ಒಳಗಿನ ಹೊಲಿಗೆ ಎಲ್ಲ ಬಗೆಯಲ್ಲೂ ಇದ್ದೇ ಇರುತ್ತದೆ, ಅದು ಕೂಡಿಕೊಳ್ಳಲು ವಾರಗಳೇ ಬೇಕು. ಗರ್ಭಕಂಠ ಉಳಿದಿದ್ದರೆ ಅದರ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆಯನ್ನು ಮುಂದುವರಿಸಬೇಕು.

ಅಕ್ಕ ಈಗ ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದಾಳೆ. ಗರ್ಭಕೋಶದ ಒಳಪದರವನ್ನು ಕಾಪಾಡಲು ಕೊಡುವ ಪ್ರೊಜೆಸ್ಟರಾನ್ ಅವಳಿಗೆ ಬೇಕಾಗಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಈ ಚಿಕಿತ್ಸೆ ಹೊಂದುವುದಿಲ್ಲ, ಆದ್ದರಿಂದ ವೈದ್ಯರೊಡನೆ ಮಾತಾಡಿಯೇ ಶುರು ಮಾಡಿದಳು. ಸಹಜ ಋತುಬಂಧದ ವಯಸ್ಸಿನವರೆಗೆ ಮುಂದುವರಿಸಲು ಹೇಳಿದ್ದಾರೆ. ಕಳೆದ ತಿಂಗಳು ನಮ್ಮ ಅತ್ತಿಗೆಗೂ ಇದೇ ಆಪರೇಷನ್ ನಿಗದಿಯಾದಾಗ ಅಕ್ಕನೇ ಜೊತೆಗೆ ಹೋದಳು. ಅಂಡಾಶಯಗಳನ್ನು ಉಳಿಸುವುದು, ಆಪರೇಷನ್ ನಡುವೆ ಅವುಗಳಲ್ಲಿ ರೋಗ ಕಂಡರೆ ಮಾತ್ರ ತೆಗೆಯುವುದು ಎಂದು ಒಪ್ಪಿಗೆ ಪತ್ರದಲ್ಲಿ ಬರೆಸಿದಳು. ಅತ್ತಿಗೆ ಅದನ್ನು ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ಸಹಿ ಹಾಕಿದರು.