ಆ ಡೌಟ್ ಸ್ವಲ್ಪ ದಿನ ಇರಲಿ ಬಿಡಿ

ಮಕ್ಕಳಿಗೆ ಬಂದ ಡೌಟನ್ನು ಅವತ್ತೇ ಕ್ಲಿಯರ್ ಮಾಡಿಬಿಡುವುದೇ ಒಳ್ಳೆಯ ಮಾಸ್ತರರ ಲಕ್ಷಣ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಮುಂಬೈ ಪಕ್ಕದ ಠಾಣೆ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಬಂದರೆ ಸಾಕು, ಕೋಚಿಂಗ್ ಕ್ಲಾಸುಗಳ ಫ್ಲೆಕ್ಸ್‌ಗಳಲ್ಲಿ ರ‍್ಯಾಂಕ್ ಬಂದ ಮಕ್ಕಳ ಫೋಟೋ ಪಕ್ಕದಲ್ಲೇ ಆ ಭರವಸೆ. ಫಿಸಿಕ್ಸ್ ವಿಷಯದಲ್ಲಂತೂ ನನಗಿದು ಒಪ್ಪಿಗೆಯಿಲ್ಲ. ಕೆಲವು ಡೌಟುಗಳು ನಾಲ್ಕಾರು ದಿನ ತಲೆ ತಿನ್ನಬೇಕು.

ಅಕ್ಕನ ಮಗಳು ಈಗ ಹನ್ನೊಂದನೇ ಕ್ಲಾಸು. ಎಸಿ ಲೋಕಲ್ ಟ್ರೇನಿನಲ್ಲಿ ಬರುವಾಗ ಎದುರು ಸೀಟಿನ ಹೆಂಗಸು ಯಾರದೋ ಹುಟ್ಟುಹಬ್ಬಕ್ಕೆ ಗ್ಯಾಸ್ ಬಲೂನು ಹಿಡಿದುಕೊಂಡಿದ್ದರಂತೆ. ಗಾಡಿ ಹೊರಟಿತು, ನಿಂತವರೆಲ್ಲ ಹಿಂದಕ್ಕೆ ವಾಲಿದರು, ಇವಳ ಬ್ಯಾಗಿನ ಕೀಚೈನೂ ಹಿಂದಕ್ಕೆ. ಬಲೂನು ಮಾತ್ರ ಮುಂದಕ್ಕೆ! ಘಾಟ್ಕೋಪರ್ ಹತ್ತಿರ ಬ್ರೇಕ್ ಬಿದ್ದಾಗ ಜನ ಮುಂದಕ್ಕೆ, ಬಲೂನು ಹಿಂದಕ್ಕೆ. "ಚಿಕ್ಕಮ್ಮ, ಜಡತ್ವ ಅದಕ್ಕೊಂದಕ್ಕೆ ಇಲ್ವಾ?" ಜಡತ್ವ ಅಂದರೆ ಇದ್ದ ಸ್ಥಿತಿಯಲ್ಲೇ ಉಳಿಯಲು ನೋಡುವ ಗುಣ. ಕೋಚಿಂಗ್ ಕ್ಲಾಸಿನಲ್ಲೂ ಕೇಳಿದ್ದಾಳೆ. ಇದು ಪೋರ್ಷನ್‌ನಲ್ಲಿಲ್ಲ, ಪರೀಕ್ಷೆಗೆ ಬರಲ್ಲ ಅಂದರಂತೆ.

ಆ ಸರ್ ಅವರನ್ನೂ ಪೂರ್ತಿ ದೂರುವಂತಿಲ್ಲ. ಮಹಾರಾಷ್ಟ್ರದಲ್ಲಿ ಎಂಜಿನಿಯರಿಂಗ್ ಸೀಟಿಗೆ ಬರೆಯುವ ಎಂಎಚ್‌ಟಿ-ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಸೇರಿ 100 ಪ್ರಶ್ನೆಗೆ 90 ನಿಮಿಷ. ಒಂದು ಪ್ರಶ್ನೆಗೆ ನೆಟ್ಟಗೆ ಒಂದು ನಿಮಿಷವೂ ಇಲ್ಲದ ಕಡೆ ಬಲೂನಿಗೆಲ್ಲಿಯ ಪುರಸೊತ್ತು?

ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. "ಬಿಎಸ್ಸಿ ಮಾಡಿ ಏನು ಬಂತು ನಿಂಗೆ, ಒಂದು ಮಾತು ಹೇಳಿಬಿಡೋಕೆ ಏನು ಕಷ್ಟ?" ಅಂತ ಅಕ್ಕನ ಸಿಟ್ಟು. ನಾನು ಮಗಳನ್ನು ಕೇಳಿದ್ದು ಇಷ್ಟೇ: ರೈಲಿನ ಡಬ್ಬದಲ್ಲಿ ಜನ, ಕೀಚೈನು, ಬಲೂನು ಬಿಟ್ಟರೆ ಬೇರೇನೂ ಇರಲಿಲ್ಲವಾ? ಗೊಣಗಿದಳು, ಬಿಟ್ಟಳು, ಮತ್ತೆ ಹಿಡಿದಳು. ಕೊನೆಗೆ ಹೊಳೆಯಿತು. ಗಾಳಿ! ಬಾಗಿಲು ಮುಚ್ಚಿದ ಡಬ್ಬದ ಗಾಳಿಗೂ ಜಡತ್ವ ಇದೆ. ಗಾಡಿ ವೇಗ ಹಿಡಿಯುವಾಗ ಅದೂ ಹಿಂದೆ ಉಳಿಯಲು ನೋಡುತ್ತದೆ. ಹಿಂಬದಿಯಲ್ಲಿ ಒತ್ತಡ ಕೂದಲೆಳೆಯಷ್ಟು ಹೆಚ್ಚು, ಮುಂಬದಿಯಲ್ಲಿ ಕಡಿಮೆ. ಬಲೂನಿಗೂ ಜಡತ್ವ ಇದ್ದೇ ಇದೆ, ಆದರೆ ಅಷ್ಟೇ ಜಾಗದ ಗಾಳಿಗಿಂತ ಅದು ಹಗುರ. ಹಾಗಾಗಿ ಗಾಳಿ ಅದನ್ನು ಮುಂದಕ್ಕೆ ದಬ್ಬುತ್ತದೆ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿದರೆ ಮಜಾ ಬೇರೆ. ಹೊರಗೇನೂ ಕಾಣದ ಡಬ್ಬದಲ್ಲಿ ಕೂತವರಿಗೆ, ಗಾಡಿ ವೇಗ ಹೆಚ್ಚಿಸುತ್ತಿದೆಯೋ ಇಲ್ಲಾ ಗುರುತ್ವವೇ ಕೊಂಚ ಓರೆಯಾಗಿದೆಯೋ ಅಂತ ಹೇಳಲು ಬರುವುದಿಲ್ಲ. ಕೀಚೈನು ತೋರಿಸುವುದು ಆ ಓರೆಯಾದ ಕೆಳಗನ್ನು, ಬಲೂನು ತೋರಿಸುವುದು ಓರೆಯಾದ ಮೇಲನ್ನು. ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರುತ್ತಾ ಹೋದರೆ ಎರಡೂ ವಾಲುವುದು ಸುಮಾರು 3 ಡಿಗ್ರಿ, ಕಣ್ಣಿಟ್ಟು ನೋಡಿದವರಿಗಷ್ಟೇ ಕಾಣುವಷ್ಟು. 1907ರಲ್ಲಿ ಬರ್ನ್‌ನ ಪೇಟೆಂಟ್ ಆಫೀಸಿನಲ್ಲಿ ಕೂತ ಐನ್‌ಸ್ಟೈನ್‌ಗೆ ಹೊಳೆದದ್ದೂ ಇದೇ ಜಾತಿಯ ಯೋಚನೆ: ಮೇಲಿನಿಂದ ಬೀಳುತ್ತಿರುವವನಿಗೆ ತನ್ನ ತೂಕವೇ ಗೊತ್ತಾಗುವುದಿಲ್ಲವಲ್ಲ! ಅದು ಗುರುತ್ವವನ್ನು ವಿವರಿಸುವ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವಾಗಿ ಕೈಗೆ ಬರುವಾಗ 1915. ಎಂಟು ವರ್ಷ ಆ ಮನುಷ್ಯ ಡೌಟ್ ಇಟ್ಟುಕೊಂಡೇ ಓಡಾಡಿದ. ನಮ್ಮ ಕ್ಲಾಸಿಗೆ ಸೇರಿದ್ದರೆ ಸಂಜೆಯೊಳಗೆ ಕ್ಲಿಯರ್ ಆಗುತ್ತಿತ್ತು.

ಗೆಲಿಲಿಯೋದೂ ಹಾಗೆಯೇ. ಅರಿಸ್ಟಾಟಲ್ ಹೇಳಿದ ಹಾಗೆ ಭಾರದ ಕಲ್ಲು ಬೇಗ, ಹಗುರದ್ದು ನಿಧಾನ ಬೀಳುತ್ತದೆ ಅಂತಿಟ್ಟುಕೊಳ್ಳಿ. ಎರಡನ್ನೂ ಕಟ್ಟಿ ಬಿಟ್ಟರೆ? ಹಗುರದ್ದು ಭಾರದ್ದನ್ನು ಹಿಂದಕ್ಕೆಳೆಯಬೇಕು, ಆದರೆ ಎರಡೂ ಸೇರಿದರೆ ತೂಕ ಇನ್ನೂ ಹೆಚ್ಚು, ಅಂದರೆ ಇನ್ನೂ ಬೇಗ ಬೀಳಬೇಕು! 1638ರ ಪುಸ್ತಕದಲ್ಲಿ ಅವನು ಕೂತಲ್ಲೇ ಅರಿಸ್ಟಾಟಲ್‌ನನ್ನು ಹೀಗೆ ಸಿಕ್ಕಿಸಿದ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟು ತೋರಿಸಿದರು, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ನಮ್ಮ ಮಕ್ಕಳ ನೋಟ್ಸಿನಲ್ಲಿ ಉಳಿದಿರುವುದು ಬೀಳುವ ವಸ್ತುವಿನ ವೇಗ ಏರುವ ದರ ಜಿ ಅಂದರೆ 9.8, ಕೆಳಗೊಂದು ಗೆರೆ.

ಕ್ಲಾಸಿನವರು ಫೀಸು ತಗೊಳ್ಳಲಿ, ಫಾರ್ಮುಲಾ ಉರು ಹೊಡೆಸಲಿ, ಅದೂ ಬೇಕು. ಆದರೆ ವಾರಕ್ಕೊಂದು ಪಾಠವಾದರೂ ಉತ್ತರ ಹೇಳದೆ ಮುಗಿಯಲಿ. ಅಪ್ಪ-ಅಮ್ಮಂದಿರೇ ಇದಕ್ಕೆ ಮೊದಲು ತಕರಾರು ತೆಗೆಯುತ್ತಾರೆ ಅನ್ನುವುದೂ ನನಗೆ ಗೊತ್ತು, ನಮ್ಮ ಮನೆಯಲ್ಲೇ ಇದ್ದಾರಲ್ಲ.

ಮಗಳು ಈಗ ಲಿಫ್ಟಿನ ಹಿಂದೆ ಬಿದ್ದಿದ್ದಾಳೆ. ಹಗ್ಗ ಕಡಿದು ಲಿಫ್ಟ್ ಬೀಳುತ್ತಿದ್ದರೆ ಒಳಗಿನ ಬಲೂನು ಚಾವಣಿಗೆ ಏರಲ್ಲ, ಬಿಟ್ಟಲ್ಲೇ ಇರುತ್ತೆ, ಮೇಲೆ-ಕೆಳಗೆ ಅನ್ನೋದೇ ಇಲ್ಲದ ಮೇಲೆ ಏರೋದಾದರೂ ಎಲ್ಲಿಗೆ ಅಂತ ಅವಳ ವಾದ. ಊಟದ ಹೊತ್ತಿಗೆ ದಿನಾ ಜಗಳ. ಭಾವ ಇನ್ನೂ ಒಪ್ಪಿಲ್ಲ.